ಎತ್ತು ಉಳಿಯಿತು, ಹೊಲ ಹೋಯಿತು

ಸೂರ್ಯ ಮುಳುಗಿದ ಮೇಲೆ, ಮತ್ತೆ ಮೂಡುವ ತನಕ, ಕೋರ್ಟಿನ ಅಮೀನ ಸಾಲದ ಡಿಕ್ರಿ ಹಿಡಿದು ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ಹಗಲಲ್ಲಿ ಬಂದರೂ ಹೊರಬಾಗಿಲು ಮುರಿಯುವ ಅಧಿಕಾರ ಅವನಿಗೆ ಸುಲಭವಾಗಿ ಸಿಗುವುದಿಲ್ಲ. ಆ ಮನೆ ಸಾಲಗಾರನ ವಶದಲ್ಲಿಯೇ ಇರಬೇಕು, ಸಾಲಗಾರ ಅವನನ್ನು ಒಳಗೆ ಬಿಡದೆ ತಡೆದಿರಬೇಕು. ಒಳಕೋಣೆಯಲ್ಲಿ ಗೋಷಾ ಪದ್ಧತಿಯ ಹೆಂಗಸು ಇದ್ದರೆ ಆಕೆಗೆ ಮೊದಲು ತಿಳಿಸಬೇಕು, ಹೊರಗೆ ಹೋಗಲು ಸಮಯ ಕೊಡಬೇಕು, ಹೋಗಲು ಅನುಕೂಲವನ್ನೂ ಮಾಡಿಕೊಡಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 62ನೇ ಕಲಂ ಹೇಳುವುದು ಇದನ್ನೇ. ಆ ಕಲಂ ಇಂದಿಗೂ ಜಾರಿಯಲ್ಲಿದೆ.

ಒಳಗೆ ಬಂದ ಮೇಲೂ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತೊಯ್ಯುವಂತಿಲ್ಲ. ಅದಕ್ಕಿಂತ ಎರಡು ಕಲಂ ಹಿಂದೆ, 60ರಲ್ಲಿ, ಮುಟ್ಟಬಾರದ ವಸ್ತುಗಳ ಪಟ್ಟಿಯಿದೆ. ಸಾಲಗಾರ, ಅವನ ಹೆಂಡತಿ, ಮಕ್ಕಳು ಉಡುವ ಬಟ್ಟೆ. ಅಡುಗೆ ಪಾತ್ರೆ. ಮಂಚ, ಹಾಸಿಗೆ, ಹೊದಿಕೆ. ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ, ಎಂದರೆ ನಮ್ಮ ಕಡೆ ತಾಳಿ. ಕಸುಬುದಾರನ ಸಲಕರಣೆ. ರೈತನಾದರೆ ಬೇಸಾಯದ ಸಾಮಾನು, ಹೊಟ್ಟೆಪಾಡಿಗೆ ಬೇಕೆಂದು ಕೋರ್ಟಿಗೆ ಕಂಡಷ್ಟು ದನ, ಬಿತ್ತನೆಯ ಕಾಳು. ರೈತ, ಕೂಲಿಕಾರ, ಮನೆಯಾಳು ತಾನೇ ವಾಸಿಸುವ ಮನೆ, ಅದರ ನಿವೇಶನ. ಕೂಲಿಕಾರನ ಕೂಲಿ. ಲೆಕ್ಕದ ಪುಸ್ತಕ. ಮುಂದೆ ಬರಬೇಕಾದ ಜೀವನಾಂಶದ ಹಕ್ಕು.

ಪಟ್ಟಿ ಉದ್ದವಿದೆ. ಆದರೆ ಅದರಲ್ಲಿ ಒಂದು ವಸ್ತು ಮಾತ್ರ ಇಲ್ಲ. ನೇಗಿಲಿದೆ, ಎತ್ತಿದೆ, ಬೀಜವಿದೆ, ಅವು ಮೂರೂ ಕೆಲಸಕ್ಕೆ ಬರುವ ಹೊಲವಿಲ್ಲ. ಸಾಲಗಾರನಿಗೆ ಕಾನೂನು ಕೊಟ್ಟ ಆಸರೆಯ ಇತಿಹಾಸ ಓದುವಾಗ ಈ ಕೊರತೆಯನ್ನು ಕಣ್ಮುಂದೆ ಇಟ್ಟುಕೊಂಡೇ ಓದಬೇಕು.

ಸಾಲ ಎಷ್ಟು ಹಳೆಯದೋ ಅದಕ್ಕೆ ಹಾಕಿದ ಎಲ್ಲೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನ, ಸಾಲಕ್ಕಾಗಿ ಎತ್ತನ್ನು ಹಿಡಿದೊಯ್ದವನಿಗೆ ಬೆಳ್ಳಿಯ ದಂಡ ಹಾಕಿತು. ಯಹೂದಿಗಳ ಧರ್ಮಗ್ರಂಥ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದೆಂದಿತು. ವಿಧವೆಯ ಬಟ್ಟೆಯನ್ನು ಮುಟ್ಟಬಾರದೆಂದಿತು. ಬಡವನ ಹೊದಿಕೆಯನ್ನು ಒತ್ತೆ ತೆಗೆದುಕೊಂಡಿದ್ದರೆ ಹೊತ್ತು ಮುಳುಗುವುದರೊಳಗೆ ಮರಳಿಸಬೇಕೆಂದಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಂಥದೇ ಲೆಕ್ಕಾಚಾರವಿದೆ. ದುಡಿಮೆಯ ಹೊತ್ತಿನಲ್ಲಿ ರೈತರನ್ನೂ ರಾಜನ ನೌಕರರನ್ನೂ ಸಾಲಕ್ಕಾಗಿ ಹಿಡಿಯಬಾರದು ಎನ್ನುತ್ತದೆ ಅದು. ಇದನ್ನು ಬರೀ ಕರುಣೆ ಎಂದುಕೊಂಡರೆ ತಪ್ಪಾಗುತ್ತದೆ. ಬಿತ್ತನೆ ನಿಂತರೆ ಅರಸನ ಕಣಜವೂ ಬರಿದಾಗುತ್ತದೆ ಎಂಬುದು ಕೌಟಿಲ್ಯನಂಥವನಿಗೆ ಹೊಳೆಯದೆ ಇರುವ ಸಂಗತಿಯಲ್ಲ.

ಧರ್ಮಶಾಸ್ತ್ರಗಳ ಕಾಲದಲ್ಲಿ ಸಾಲ ವಸೂಲಿಗೆ ಐದು ದಾರಿಗಳಿದ್ದವು. ಅವುಗಳಲ್ಲಿ ಒಂದರ ಹೆಸರು ಆಚರಿತ. ಸಾಲಗಾರನ ಹೆಂಡತಿ, ಮಕ್ಕಳು, ದನಗಳನ್ನು ತಡೆದು ಅವನ ಬಾಗಿಲಲ್ಲೇ ಪಟ್ಟು ಹಿಡಿದು ಕೂರುವುದು. ಇಷ್ಟು ಕಠಿಣವಾದ ವ್ಯವಸ್ಥೆಯೊಳಗೂ ಹೆಣ್ಣಿನ ಗಂಟಿಗೆ ಒಂದು ಬೇಲಿಯಿತ್ತು. ಗಂಡ ಅಥವಾ ಮಗ ಮಾಡಿದ ಸಾಲವನ್ನು, ಅದು ಕುಟುಂಬಕ್ಕಾಗಿ ಮಾಡಿದ್ದಲ್ಲದಿದ್ದರೆ, ಹೆಣ್ಣು ತೀರಿಸಬೇಕಾಗಿಲ್ಲ ಎಂದಿತು ಯಾಜ್ಞವಲ್ಕ್ಯ ಸ್ಮೃತಿ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಸ್ತ್ರೀಧನದ ವ್ಯಾಪ್ತಿಯನ್ನು ಆತ ಹಿಂದಿನವರಿಗಿಂತ ಹಿಗ್ಗಿಸಿದ. ಬರಗಾಲ, ಕಾಯಿಲೆ, ಧರ್ಮಕಾರ್ಯ, ಸೆರೆ ಇಂಥ ಇಕ್ಕಟ್ಟಿನಲ್ಲಿ ಗಂಡ ಅದನ್ನು ಬಳಸಬಹುದು. ಉಳಿದವರು ಯಾರೂ ಕೈ ಹಾಕುವಂತಿಲ್ಲ. ಗಂಡನಿಗೆ ಬಿಟ್ಟ ಆ ಸಂದು ದೊಡ್ಡದೇ, ನಿಜ. ಆದರೂ ಹನ್ನೆರಡನೆಯ ಶತಮಾನದ ಹೊತ್ತಿಗೆ ಕನ್ನಡದ ನೆಲದಲ್ಲಿ ಕೂತು ಒಬ್ಬ ಪಂಡಿತ ಈ ಗೆರೆ ಎಳೆದದ್ದು, ಅದು ಮುಂದೆ ಭಾರತದ ಬಹುಭಾಗದ ಹಿಂದೂ ಕಾನೂನಿನ ಆಧಾರವಾದದ್ದು ಸಣ್ಣ ಸಂಗತಿಯಲ್ಲ.

ಬ್ರಿಟಿಷರ ಕೋರ್ಟು ಬಂದಮೇಲೆ ಆಟದ ನಿಯಮವೇ ಬದಲಾಯಿತು. ಅಲ್ಲಿಯ ತನಕ ಸಾಹುಕಾರ ಮತ್ತು ರೈತ ಒಂದೇ ಊರಿನಲ್ಲಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳಬೇಕಿತ್ತು. ಕೋರ್ಟಿಗೆ ಬೇಕಾದದ್ದು ಪತ್ರ, ಪತ್ರದ ಮೇಲಿನ ಹೆಬ್ಬೆಟ್ಟು. ರೈತ ಓದು ಬಾರದವನು, ತಾಲೂಕಿನ ಕೋರ್ಟಿಗೆ ಹೋಗಿ ವಾದಿಸುವ ಶಕ್ತಿಯಿಲ್ಲದವನು. ಅವನು ಹಾಜರಾಗಲಿಲ್ಲ, ಏಕಪಕ್ಷೀಯ ಡಿಕ್ರಿಯಾಯಿತು. 1859ರ ಕಾಲಮಿತಿ ಕಾಯ್ದೆ ರೈತನಿಗೆ ನೆರವಾಗಲೆಂದು ಬಂದದ್ದು: ಸಾಲಪತ್ರಕ್ಕೆ ಮೂರು ವರ್ಷದ ಆಯಸ್ಸು. ಆದದ್ದು ಉಲ್ಟಾ. ಮೂರು ವರ್ಷಕ್ಕೊಮ್ಮೆ ಹಳೆಯ ಪತ್ರ ಹರಿದು, ಬಡ್ಡಿಯನ್ನು ಅಸಲಿಗೆ ಸೇರಿಸಿ, ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಚಾಳಿ ಶುರುವಾಯಿತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ. 1861ರಿಂದ 1865ರ ತನಕ ಲಂಕಾಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರಲಿಲ್ಲ. ದಖ್ಖನಿನ ಹತ್ತಿಗೆ ಚಿನ್ನದ ಬೆಲೆ ಬಂತು. ಧಾರವಾಡ, ಗದಗ, ಹುಬ್ಬಳ್ಳಿ ಸುತ್ತಿನ ಎರೆಭೂಮಿಯಲ್ಲಿ ಆಗಲೇ ಬೇರೂರಿದ್ದ ‘ಧಾರವಾಡ-ಅಮೆರಿಕನ್’ ಹತ್ತಿಗೂ ಸುಗ್ಗಿ. ಸಾಹುಕಾರರು ಕೇಳಿದವರಿಗೆಲ್ಲ ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಉಳಿಯಿತು. ಪುಣೆ ಕಡೆಯ ತಾಲೂಕುಗಳಲ್ಲಿ ಸರ್ಕಾರ ಕಂದಾಯವನ್ನೂ ಏರಿಸಿತು.

1875ರ ಮೇ 12, ಪುಣೆ ಜಿಲ್ಲೆಯ ಸುಪಾ. ಅಲ್ಲಿ ಅಂದು ಸಂತೆ. ಸುತ್ತಲ ಹಳ್ಳಿಗಳ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರು ಹುಡುಕಿದ್ದು ಮುಖ್ಯವಾಗಿ ಕಾಗದಗಳನ್ನು: ಸಾಲಪತ್ರ, ಲೆಕ್ಕದ ವಹಿ, ಡಿಕ್ರಿ. ಸಿಕ್ಕಿದ್ದನ್ನು ಬೆಂಕಿಗೆ ಹಾಕಿದರು. ಪತ್ರಗಳನ್ನು ಸುಮ್ಮನೆ ಕೊಟ್ಟ ಕಡೆ ಹಿಂಸೆ ಅಷ್ಟಾಗಿ ನಡೆಯಲಿಲ್ಲ. ದಂಗೆ ಪುಣೆಯಿಂದ ಅಹಮದ್‌ನಗರ ಜಿಲ್ಲೆಗೆ ಹಬ್ಬಿತು. ಸರ್ಕಾರ ದಖ್ಖನ್ ದಂಗೆ ಆಯೋಗವನ್ನು ನೇಮಿಸಿತು. ಆಯೋಗದ ವರದಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬರುವ ಹೊತ್ತಿಗೆ, 1876ರಿಂದ 1878ರ ಮಹಾ ಕ್ಷಾಮ ಬಿಜಾಪುರ, ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳ ಜನರನ್ನು ಲೆಕ್ಕವಿಲ್ಲದಷ್ಟು ಬಲಿ ತೆಗೆದುಕೊಂಡಿತ್ತು.

ಈ ಉರಿಯ ನಡುವೆಯೇ 1877ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂತು. ಅದರ 266ನೇ ಕಲಂ ಉಡುಪು, ಬೇಸಾಯದ ಸಲಕರಣೆ, ಕಸುಬಿನ ಸಾಮಾನು, ರೈತನ ದನಗಳನ್ನು ಜಪ್ತಿಯಿಂದ ಹೊರಗಿಟ್ಟಿತು. ಇಂದಿನ 60ನೇ ಕಲಂ ಇದರದೇ ಬೆಳವಣಿಗೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಸರ್ಕಾರಿ ಪಿಂಚಣಿಯನ್ನು ಜಪ್ತಿ ಮಾಡಬಾರದೆಂಬ ಪಿಂಚಣಿ ಕಾಯ್ದೆ 1871ರಲ್ಲೇ ಬಂದಿತ್ತು. ದೇಶಕ್ಕೆಲ್ಲ ಅನ್ವಯಿಸುವ ಈ ಪಟ್ಟಿ ರೈತನ ಎತ್ತಿನ ಬಳಿಗೆ ಬರಲು ಇನ್ನೂ ಆರು ವರ್ಷ ಬೇಕಾಯಿತು.

ಭೂಮಿಯ ಬಗ್ಗೆ ಮೊದಲ ಗಟ್ಟಿ ಮಾತು ಕೇಳಿಬಂದದ್ದು 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯಲ್ಲಿ. ಅದು ಮೊದಲು ಅನ್ವಯವಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ. ಅದರ ಭಾಗಗಳು 1905ರಲ್ಲಿ ಇಡೀ ಮುಂಬಯಿ ಇಲಾಖೆಗೆ ಹಬ್ಬಿದವು. ಹೀಗೆ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರಗಳ ರೈತರೂ ಅದರ ನೆರಳಿಗೆ ಬಂದರು. ಆ ಕಾಲಕ್ಕೆ ಅದು ದಿಟ್ಟ ಕಾಯ್ದೆ. ಸಾಲದ ಹಣಕ್ಕಾಗಿ ರೈತನನ್ನು ಸೆರೆಗೆ ಹಾಕಬಾರದು. ಪತ್ರದಲ್ಲಿ ಬರೆದ ಮೊತ್ತವನ್ನು ಕೋರ್ಟು ಕಣ್ಣು ಮುಚ್ಚಿ ನಂಬದೆ, ಸಾಲ ಹುಟ್ಟಿದ ದಿನದಿಂದ ಲೆಕ್ಕ ತೆಗೆದು ಅಸಲೆಷ್ಟು, ಬಡ್ಡಿ ಎಷ್ಟು ಎಂದು ನೋಡಬೇಕು. ಕಂತುಗಳಲ್ಲಿ ತೀರಿಸಲು ಅವಕಾಶ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ರೈತನ ಭೂಮಿಯನ್ನು ಜಪ್ತಿ ಮಾಡುವಂತಿಲ್ಲ, ಹರಾಜು ಹಾಕುವಂತಿಲ್ಲ. ಆ ಸಾಲಕ್ಕೆಂದೇ ಅದನ್ನು ಅಡವು ಬರೆದುಕೊಟ್ಟಿದ್ದರೆ ಮಾತು ಬೇರೆ.

ಆ ಕೊನೆಯ ಮಾತಿನಲ್ಲೇ ಕಾಯ್ದೆ ಸೋತಿತು. ಬರೀ ಕೈಪತ್ರಕ್ಕೆ ಸಾಲ ಸಿಗುವುದು ನಿಂತಿತು. ಸಾಹುಕಾರ ಹೊಲವನ್ನೇ ಅಡವು ಕೇಳತೊಡಗಿದ. ಇನ್ನೂ ಜಾಣರು ಅಡವನ್ನೂ ಬಿಟ್ಟು ನೇರವಾಗಿ ಖರೀದಿಪತ್ರ ಬರೆಸಿಕೊಂಡರು. ಸಾಲ ತೀರಿಸಿದರೆ ಹೊಲ ಮರಳಿ ಬರೆದುಕೊಡುತ್ತೇನೆ ಎಂಬುದು ಬಾಯಿಮಾತು, ಪತ್ರದಲ್ಲಿದ್ದದ್ದು ಮಾರಾಟ. ಆ ಬಾಯಿಮಾತನ್ನೂ ಕೋರ್ಟು ಕೇಳಬಹುದೆಂದು ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಅಷ್ಟರಲ್ಲಿ ಎಷ್ಟೋ ಹೊಲಗಳು ಕೈಬದಲಾಗಿದ್ದವು. ತನ್ನದೇ ಹೊಲದಲ್ಲಿ ರೈತ ಗೇಣಿದಾರನಾಗಿ ನೇಗಿಲು ಹೂಡಿದ. ಎತ್ತು ಅವನದೇ. ಅದನ್ನು ಜಪ್ತಿ ಮಾಡುವಂತಿರಲಿಲ್ಲ.

ಇದಕ್ಕೆ ಬೇರೆ ದಾರಿ ಇರಲಿಲ್ಲವೇ? ಇತ್ತು, ಭೂಗೋಳದ ಇನ್ನೊಂದು ಬದಿಯಲ್ಲಿ. 1837ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಸಾವಿರಾರು ಸಾಲಗಾರರು ಟೆಕ್ಸಾಸಿಗೆ ಗುಳೆ ಹೋದರು. ಆಗಿನ್ನೂ ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸ್ 1839ರ ಜನವರಿಯಲ್ಲಿ ಒಂದು ಕಾನೂನು ಮಾಡಿತು. ಪ್ರತಿ ಕುಟುಂಬದ 50 ಎಕರೆ ಹೊಲ ಅಥವಾ ಊರಿನ ನಿವೇಶನ, ಬೇಸಾಯದ ಸಾಮಾನು, ಒಂದು ಜೊತೆ ಎತ್ತು ಅಥವಾ ಒಂದು ಕುದುರೆ, ಐದು ಹಸು, ಒಂದು ವರ್ಷದ ಕಾಳುಕಡ್ಡಿಯನ್ನು ಸಾಲಕ್ಕಾಗಿ ಯಾರೂ ಮುಟ್ಟುವಂತಿಲ್ಲ. 1845ರಲ್ಲಿ ರಾಜ್ಯದ ಸಂವಿಧಾನ ಇದನ್ನು 200 ಎಕರೆಗೆ ಏರಿಸಿತು. 1876ರ ಸಂವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಮನೆ-ಹೊಲದ ಮೇಲೆ ಬೇರೆ ಸಾಲಕ್ಕಾಗಿ ಅಡಮಾನ ಬರೆದುಕೊಟ್ಟರೆ ಆ ಅಡಮಾನವೇ ಅಸಿಂಧು ಎಂದಿತು. ಈ ಬಿಗಿ ಸಡಿಲವಾದದ್ದು 1997ರಲ್ಲಿ. ದಖ್ಖನಿನ ಕಾಯ್ದೆ ಯಾವ ಸಂದನ್ನು ತೆರೆದಿಟ್ಟಿತೋ ಅದನ್ನೇ ಟೆಕ್ಸಾಸ್ ನೂರಿಪ್ಪತ್ತು ವರ್ಷ ಮುಚ್ಚಿಟ್ಟಿತ್ತು. ಟೆಕ್ಸಾಸಿಗೆ ಬೇಕಾಗಿದ್ದವರು ಮನೆ ಕಟ್ಟಿ ನೆಲೆ ನಿಲ್ಲುವ ಕುಟುಂಬಗಳು. ಮುಂಬಯಿ ಸರ್ಕಾರಕ್ಕೆ ಬೇಕಾಗಿದ್ದದ್ದು ಕಂದಾಯ. ಅದನ್ನು ಹೊಲದ ಒಡೆಯನಾಗಿ ಯಾರು ಕಟ್ಟಿದರೂ ನಡೆಯುತ್ತಿತ್ತು.

ಕಾನೂನು ಕೈಬಿಟ್ಟಲ್ಲಿ ಗದಗ ತಾಲೂಕಿನ ಒಂದು ಹಳ್ಳಿ ತಾನೇ ದಾರಿ ಹುಡುಕಿಕೊಂಡಿತು. 1905ರ ಮೇ ತಿಂಗಳಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದು ಭಾರತದಲ್ಲೇ ಮೊದಲನೆಯದೆಂದು ಹೇಳುತ್ತಾರೆ. ರೈತರು ತಮ್ಮ ತಮ್ಮಲ್ಲೇ ಹಣ ಕೂಡಿಸಿ ತಮಗೇ ಸಾಲ ಕೊಟ್ಟುಕೊಳ್ಳುವ ಈ ಏರ್ಪಾಡಿಗೆ ಕಾನೂನು ಒಂದು ಬೇಲಿಯನ್ನೂ ಹಾಕಿಕೊಟ್ಟಿತು. ಸಂಘದಲ್ಲಿ ಸದಸ್ಯ ಹೂಡಿದ ಷೇರನ್ನು ಹೊರಗಿನ ಸಾಲಕ್ಕಾಗಿ ಯಾವ ಕೋರ್ಟೂ ಜಪ್ತಿ ಮಾಡಬಾರದೆಂದು 1912ರ ಸಹಕಾರ ಸಂಘಗಳ ಕಾಯ್ದೆ ವಿಧಿಸಿತು. ಮೈಸೂರು ಸಂಸ್ಥಾನ 1928ರಲ್ಲಿ ತನ್ನದೇ ಕೃಷಿಕರ ಪರಿಹಾರ ಕಾಯ್ದೆಯನ್ನು ತಂದುಕೊಂಡಿತು.

ಸಾಲ ಕೊಟ್ಟವನು ಸಾಹುಕಾರನಾದರೆ ಕೋರ್ಟಿನ ಪಟ್ಟಿಯಿದೆ. ಬಾಕಿ ಕೇಳುವವನು ಸರ್ಕಾರವೇ ಆದರೆ? 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರ, ಶಿರಸಿ ಸೀಮೆಯ ರೈತರು ಕರನಿರಾಕರಣೆ ಮಾಡಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಮನೆಯ ಸಾಮಾನು, ದನಕರು, ಜಮೀನು ಒಂದಾದ ಮೇಲೊಂದು ಜಪ್ತಿಯಾದವು, ಹರಾಜಾದವು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು, ಜಪ್ತಿಯ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ಹಿಂದೆ ಸಾಲಿಗ ಸಾಲಗಾರನ ಬಾಗಿಲಲ್ಲಿ ಕೂರುತ್ತಿದ್ದ; ಇಲ್ಲಿ ಆಸ್ತಿ ಕಳೆದುಕೊಂಡ ಮನೆಯ ಹೆಂಗಸರು ಅದನ್ನು ಕೊಂಡವನ ಬಾಗಿಲಲ್ಲಿ ಕೂತರು. ಆ ಹೆಣ್ಣುಮಕ್ಕಳ ನೈತಿಕ ಬಲಕ್ಕೆ ಹೋಲಿಸಿದರೆ ಕಾನೂನಿನ ಪಟ್ಟಿ ಬಹಳ ಸಣ್ಣದಾಗಿ ಕಾಣುತ್ತದೆ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಕಳೆದುಹೋದ ಜಮೀನುಗಳನ್ನು ಮರಳಿಸಲು ಕಾನೂನು ಮಾಡಲಾಯಿತು.

ಸ್ವಾತಂತ್ರ್ಯಾನಂತರದ ದೊಡ್ಡ ಹೆಜ್ಜೆ ದೇವರಾಜ ಅರಸು ಅವರ ಕಾಲದ 1976ರ ಕರ್ನಾಟಕ ಋಣಪರಿಹಾರ ಕಾಯ್ದೆ. ಸಣ್ಣ ರೈತರು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ವರ್ಷಕ್ಕೆ 2,400 ರೂಪಾಯಿಗಿಂತ ಕಡಿಮೆ ಆದಾಯದ ದುರ್ಬಲ ವರ್ಗದವರು, ಇವರು ಖಾಸಗಿಯವರಲ್ಲಿ ಮಾಡಿದ ಸಾಲ ವಜಾ ಆಯಿತು. ಗಿರವಿ ಇಟ್ಟ ಚರಾಸ್ತಿಯನ್ನು ಮರಳಿಸಬೇಕೆಂದೂ ಕಾಯ್ದೆ ಹೇಳಿತು. ಕೇಂದ್ರ ಸರ್ಕಾರ ಅದೇ ವರ್ಷ ಸಿವಿಲ್ ಸಂಹಿತೆಗೆ ಮಾಡಿದ ತಿದ್ದುಪಡಿಯಲ್ಲಿ ಹೆಚ್ಚು ಸದ್ದು ಮಾಡದ, ಆದರೆ ಬಹಳ ಬೆಲೆಯುಳ್ಳ ಒಂದು ಸಾಲು ಸೇರಿತು. 60ನೇ ಕಲಮಿನ ರಕ್ಷಣೆ ತನಗೆ ಬೇಡವೆಂದು ಸಾಲಗಾರ ಬರೆದುಕೊಟ್ಟರೂ ಆ ಕರಾರು ಅಸಿಂಧು. ಬಡವನ ಹೆಬ್ಬೆಟ್ಟಿನಿಂದ ಬಡವನ ಹಕ್ಕನ್ನೇ ಕಿತ್ತುಕೊಳ್ಳುವ ನೂರು ವರ್ಷದ ಚಾಳಿಗೆ ಇದು ಸರಿಯಾದ ಉತ್ತರ.

ಸಂಬಳದಾರರ ಭಾಗಕ್ಕೆ ಬಂದರೆ ಪಟ್ಟಿ ಹಳೆಯದಾಗಿಬಿಟ್ಟಿದೆ. ಸಂಬಳದಲ್ಲಿ ಮೊದಲ ಇಂತಿಷ್ಟು ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. ಒಂದೇ ಡಿಕ್ರಿಗಾಗಿ 24 ತಿಂಗಳು ಸಂಬಳ ಕಡಿತವಾದರೆ ಮುಂದೆ ಆ ಡಿಕ್ರಿಗೆ ಸಂಬಳ ಮುಟ್ಟುವಂತೆಯೇ ಇಲ್ಲ. ಭವಿಷ್ಯನಿಧಿಗೆ ಪ್ರತ್ಯೇಕ ಕಾಯ್ದೆಗಳ ಕಾವಲಿದೆ. ಇದೆಲ್ಲ ಒಳ್ಳೆಯದೇ. ಆದರೆ ಆ ‘ಮೊದಲ ಇಂತಿಷ್ಟು’ 400 ರೂಪಾಯಿಯಿಂದ 1,000 ರೂಪಾಯಿಗೆ ಏರಿದ್ದು 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ. ಸಂಹಿತೆಯಲ್ಲಿ ಇಂದಿಗೂ ಅದೇ 1,000 ರೂಪಾಯಿ ಕೂತಿದೆ. ಇಂದು ಒಂದು ಅಡುಗೆ ಅನಿಲದ ಸಿಲಿಂಡರಿಗೇ ಅದು ಹೆಚ್ಚುಕಡಿಮೆ ಮುಗಿದುಹೋಗುತ್ತದೆ.

ಹೊಲದ ವಿಚಾರದಲ್ಲಿ ಸ್ವಲ್ಪ ಬದಲಾವಣೆ ಬಂದದ್ದೂ 2002ರಲ್ಲೇ. ಕೋರ್ಟಿಗೆ ಹೋಗದೆ ಬ್ಯಾಂಕುಗಳೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಟ್ಟ ಸರ್ಫೇಸಿ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತು. ಆ ವೇಗದ ದಾರಿ ಮಾತ್ರ ಮುಚ್ಚಿದೆ. ಅಡವು ಇಟ್ಟ ಹೊಲಕ್ಕೆ ದಾವೆಯ ದಾರಿ ತೆರೆದೇ ಇದೆ. ಸಾಲ ಮಾಡಿ ಕೊಂಡ ಟ್ರ್ಯಾಕ್ಟರ್ ಕೂಡ ಸಾಲ ಕೊಟ್ಟವರಿಗೇ ಒತ್ತೆಯಾಗಿರುತ್ತದೆ. ನೇಗಿಲಿಗೆ ಸಿಕ್ಕ ರಕ್ಷಣೆ ಅದಕ್ಕೆ ಸಿಗುವುದಿಲ್ಲ.

ಇನ್ನು ಮೈಕ್ರೋಫೈನಾನ್ಸ್. ಇಲ್ಲಿ ಅಡಮಾನವೇ ಇಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ದಾವೆಯೂ ಇಲ್ಲ, ಡಿಕ್ರಿಯೂ ಇಲ್ಲ, ಅಮೀನನೂ ಇಲ್ಲ. ವಾರದ ಕಂತು ತಪ್ಪಿದರೆ ಬಾಗಿಲಿಗೆ ಬರುವವನು ಏಜೆಂಟ್. ಅವನಿಗೆ 60ನೇ ಕಲಂ ಗೊತ್ತಿಲ್ಲ, 62 ಮೊದಲೇ ಗೊತ್ತಿಲ್ಲ. ಹೊತ್ತು ಮುಳುಗಿದ ಮೇಲೂ ಬರುತ್ತಾನೆ. 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಮನೆಗೆ ಬೀಗ ಜಡಿದ, ಕುಟುಂಬಗಳು ಊರು ಬಿಟ್ಟ ಸುದ್ದಿಗಳು ಬಂದವು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸುವ ಚಳವಳಿ ಹೂಡಿದರು. ಯಾವ ಕೋರ್ಟೂ ಮುಟ್ಟಬಾರದೆಂದು ಕಾನೂನು ಹೇಳಿದ ಒಡವೆ ಅದು. ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, ಫೆಬ್ರವರಿ 12ರಂದು ಅಂಕಿತ ಹಾಕಿದರು. ಅದರಲ್ಲಿ 10 ವರ್ಷದ ತನಕ ಸೆರೆ, 5 ಲಕ್ಷ ರೂಪಾಯಿ ತನಕ ದಂಡ ವಿಧಿಸುವ ಅವಕಾಶವಿತ್ತು.

ಈ ಪಟ್ಟಿಯ ಮಾತು ತಿಳಿಯಬೇಕಾದವರ ಕಿವಿಗೆ ಇನ್ನೂ ಬಿದ್ದಿಲ್ಲ. ಓದುಗರು ತಮ್ಮ ಊರಿನ, ಓಣಿಯ ಸಾಲಗಾರ ಕುಟುಂಬಗಳಿಗೆ ಇಷ್ಟನ್ನಾದರೂ ಹೇಳಬೇಕು: ಪಾತ್ರೆ, ಹಾಸಿಗೆ, ತಾಳಿ, ಕಸುಬಿನ ಸಾಮಾನನ್ನು ಡಿಕ್ರಿ ಇದ್ದರೂ ಜಪ್ತಿ ಮಾಡುವಂತಿಲ್ಲ, ಡಿಕ್ರಿಯೇ ಇಲ್ಲದೆ ಬಂದವನಿಗೆ ಬಲವಂತವಾಗಿ ಏನನ್ನೂ ಎತ್ತಿಕೊಂಡು ಹೋಗುವ ಅಧಿಕಾರವಿಲ್ಲ. ಪ್ರತಿ ತಾಲೂಕಿನಲ್ಲೂ ಕಾನೂನು ಸೇವಾ ಸಮಿತಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿಯ ಸಂಖ್ಯೆ 15100.